ನಿಲ್ಲಿಸಿದವರು, ನಿಂತವಳು

ಸುಂಕದಕಟ್ಟೆಯ ಭೈರೇಶ್ ಕಾರ್ಪೊರೇಟರ್ ಆಗಬೇಕೆಂದು ವರ್ಷಗಟ್ಟಲೆ ಪಕ್ಷದ ಮುಖಂಡರ ಹಿಂದೆ ಓಡಾಡಿದವನು. ಕೊನೆಗೂ ಚುನಾವಣೆ ಬಂದಾಗ ವಾರ್ಡು ಮಹಿಳೆಯರಿಗೆ ಮೀಸಲಾಯಿತು. ಅವತ್ತು ಊಟಕ್ಕೆ ಕೂತವನು ಹೆಂಡತಿಗೆ ಹೇಳಿದ: "ನೀನು ನಿಂತ್ಕೋ ಕಣೇ. ಹೆಸರು ನಿಂದು ಅಷ್ಟೇ, ಕೆಲಸ ಎಲ್ಲ ನಾನ್ ನೋಡ್ಕೋತೀನಿ."

ಸ್ಪಂದನ ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದವಳು. ತನ್ನ ವಾರ್ಡು ಎಲ್ಲಿಂದ ಎಲ್ಲಿಯವರೆಗೆ ಎಂಬುದೂ ಅವಳಿಗೆ ಸರಿಯಾಗಿ ತಿಳಿಯದು. ಬೇಡವೆಂದಳು. ಮಾವ ಮಾತು ಬಿಟ್ಟರು. ತವರಿನಿಂದ ಅಮ್ಮನೇ ಫೋನ್ ಮಾಡಿ, "ಗಂಡನ ಆಸೆಗೆ ಅಡ್ಡ ಬರಬೇಡ" ಎಂದಳು. ಸ್ಪಂದನ ನಾಮಪತ್ರಕ್ಕೆ ಸಹಿ ಹಾಕಿದಳು.

ಪಕ್ಷದ ಪ್ರಚಾರ ನೋಡಿಕೊಳ್ಳುವ ಅರುಣ್ ಕುಮಾರ್ ಕ್ಯಾಮೆರಾ ಹಿಡಿದು ಬಂದ. ಕೈಮಗ್ಗದ ಸೀರೆ ಉಡಿಸಿದ. ಕಣ್ಣು ಚೆನ್ನಾಗಿಯೇ ಇದ್ದವಳಿಗೆ ಕನ್ನಡಕ ಹಾಕಿಸಿದ. ಪೌರಕಾರ್ಮಿಕರು ಆಗಷ್ಟೇ ಗುಡಿಸಿ ಹೋದ ಬೀದಿಗೆ ಒಣಗಿದೆಲೆ ಸುರಿಸಿ, ಅವಳ ಕೈಗೆ ಪೊರಕೆ ಕೊಟ್ಟ. 'ಕಷ್ಟಕ್ಕೆ ಸ್ಪಂದಿಸುವ ಸ್ಪಂದನ' ಎಂಬ ವಿಡಿಯೋ ಎಲ್ಲರ ಫೋನಿಗೂ ಹೋಯಿತು.

"ಯಾರಾದ್ರೂ ಏನಾದ್ರೂ ಕೇಳಿದ್ರೆ?" ಎಂದಳು ಸ್ಪಂದನ.

"'ನಾನು ನಿಮ್ಮ ಮನೆಮಗಳು' ಅಂತ ಕೈ ಮುಗೀರಿ ಮೇಡಂ. ಸಾಕು."

ರಾಜಕಾಲುವೆಯ ಪಕ್ಕದ ಓಣಿಯಲ್ಲಿ ಲಿಂಗಮ್ಮ ಎಂಬ ವಯಸ್ಸಾದ ಹೆಂಗಸು ಬಾಗಿಲಲ್ಲೇ ತಡೆದು ಕೇಳಿದಳು: "ಮಳೆ ಬಂದ್ರೆ ಮೋರಿ ನೀರು ಅಡುಗೆಮನೆಗೇ ನುಗ್ಗತ್ತೆ. ಏನಮ್ಮ ಮಾಡ್ತೀಯ?"

"ನಾನು ನಿಮ್ಮ ಮನೆಮಗಳು ಆಂಟಿ."

"ನಂಗಾಗಲೇ ಇಬ್ರು ಹೆಣ್ಮಕ್ಳಿದಾರೆ. ಈಗ ಬೇಕಾಗಿರೋದು ಮೋರಿ ಸರಿ ಮಾಡ್ಸೋರು. ಪೊರಕೆ ಹಿಡಿದು ಫೋಟೋ ತೆಗೆಸ್ಕೊಂಡ್ರೆ ಆಗೋಯ್ತಾ? ಇಷ್ಟು ದಿನ ಈ ಕಡೆ ತಲೆ ಹಾಕಿದ್ಯಾ ನೀನು?"

ಹಿಂದೆ ಅರುಣ್ ಕುಮಾರನ ಕ್ಯಾಮೆರಾ ಓಡುತ್ತಲೇ ಇತ್ತು. ಸ್ಪಂದನ ಕನ್ನಡಕ ತೆಗೆದಳು. "ಇಲ್ಲ ಆಂಟಿ. ನಂಗೆ ಏನೂ ಗೊತ್ತಿಲ್ಲ. ನಿಲ್ಲಿಸಿದ್ರು, ನಿಂತಿದೀನಿ. ಗೊತ್ತಿರೋರಿಗೇ ವೋಟ್ ಹಾಕಿ."

ಎಷ್ಟೋ ದಿನಗಳ ನಂತರ ಎದೆ ಹಗುರಾಯಿತು. ಇನ್ನು ತನ್ನನ್ನು ಬಿಟ್ಟುಬಿಡುತ್ತಾರೆ, ಗಂಡ ಬೈದರೂ ಸರಿ ಎಂದುಕೊಂಡು ಮನೆಗೆ ಬಂದಳು.

ಭೈರೇಶ್ ನಗುತ್ತಾ ಫೋನ್ ಹಿಡಿದು ನಿಂತಿದ್ದ. ಅದರಲ್ಲಿ ಹೊಸ ವಿಡಿಯೋ: ಲಿಂಗಮ್ಮ ಬೈಯುತ್ತಿದ್ದಳು, ಸ್ಪಂದನಳ ಮಾತು 'ಗೊತ್ತಿಲ್ಲ' ಎಂಬಲ್ಲಿಗೇ ಮುಗಿದಿತ್ತು. ಹಿಂದೆ ಕೊಳಲು. ಕೆಳಗೆ, 'ಸುಳ್ಳು ಹೇಳಲು ಬಾರದ ಮನೆಮಗಳು'.

"ನಾನು ನಿಜವಾಗ್ಲೂ ಹೇಳಿದ್ದು," ಎಂದಳು.

"ಗೊತ್ತು ಮೇಡಂ," ಎಂದ ಪಕ್ಕದಲ್ಲೇ ಕೂತಿದ್ದ ಅರುಣ್ ಕುಮಾರ್, "ಅದಕ್ಕೇ ಅಷ್ಟು ಚೆನ್ನಾಗ್ ಬಂದಿದೆ. ನಾಳೆ ದೀಪಾಂಜಲಿ ನಗರದ ಕಡೆಯಿಂದ ನಮ್ ಪಕ್ಷದೋರು ಬರ್ತಾರೆ, ಅವರ ಮುಂದೆ ಇದನ್ನೇ ಇನ್ನೊಂದ್ಸಲ ಹೇಳ್ಬೇಕು."

"ನಾಮಪತ್ರ ವಾಪಸ್ ತಗೋತೀನಿ."

"ಅದರ ದಿನ ಹೋದ ವಾರವೇ ಮುಗೀತು ಕಣೇ," ಎಂದ ಭೈರೇಶ್.

ಮರುದಿನ ಒಬ್ಬಳೇ ಲಿಂಗಮ್ಮನ ಮನೆಗೆ ಹೋದಳು. ಮುದುಕಿ ಒಳಗೆ ಕರೆಯಲಿಲ್ಲ. "ನನ್ ಬೈಗುಳಾನೂ ನಿಮ್ ಪ್ರಚಾರಕ್ಕೆ ಹಾಕ್ಕೊಂಡ್ರಲ್ಲಮ್ಮ," ಎಂದು ಬಾಗಿಲು ಮುಂದಕ್ಕೆಳೆದಳು. ಓಣಿಯ ಕೊನೆಯಲ್ಲಿ ಯಾರೋ ಅವಳನ್ನು ಗುರುತಿಸಿ, ಪಕ್ಕಕ್ಕೆ ಬಂದು ಸೆಲ್ಫಿ ತೆಗೆದುಕೊಂಡರು.

ಅವಳು ಗೆದ್ದಳು. ಎಣಿಕೆ ಕೇಂದ್ರದ ಹೊರಗೆ ಜನ ಭೈರೇಶನನ್ನು ಹೆಗಲ ಮೇಲೆ ಎತ್ತಿಕೊಂಡರು. ನೂಕುನುಗ್ಗಲಿನಲ್ಲಿ ಸ್ಪಂದನ ಕಾರಿನ ಹಿಂದಿನ ಸೀಟಿಗೆ ಸೇರಿದಳು. ಗಾಜು ಇಳಿಸಲು ಹೋದರೆ ಡ್ರೈವರು ಲಾಕ್ ಹಾಕಿದ್ದ. "ಭೈರೇಶಣ್ಣ ಹೇಳೋವರೆಗೂ ತೆಗೀಬೇಡ ಅಂದಿದಾರೆ ಮೇಡಂ," ಎಂದ.