ಮುಚ್ಚದೆ ಬಿಟ್ಟ ಅಂಚು

ಪಕ್ಕದ ಮನೆಯವರು ಅಡುಗೆಮನೆ ಹೊಸದು ಮಾಡಿಸುತ್ತಿದ್ದಾರೆ. ಮೊನ್ನೆ ಬೆಳಿಗ್ಗೆ ಹೊಲಿಗೆ ಮಶಿನ್ನಿಗೆ ಎಣ್ಣೆ ಬಿಡುತ್ತ ಕೂತಿದ್ದೆ. ಕಿಟಕಿಯಿಂದ ಬಿಳಿ ಸಿಮೆಂಟಿಗೆ ನೀರು ಕಲಸಿದ ವಾಸನೆ ಬಂತು. ತಣ್ಣಗಿನ, ಸುಣ್ಣವನ್ನು ನೆನಪಿಸುವ ವಾಸನೆ. ಎಣ್ಣೆ ಬಾಟಲಿ ಹಿಡಿದ ಕೈ ಹಾಗೇ ನಿಂತಿತು. ಹದಿನೇಳು ವರ್ಷದ ಹಿಂದೆ ಈ ವಾಸನೆ ನನ್ನ ಮನೆಯಲ್ಲೂ ನಾಲ್ಕು ದಿನ ಇತ್ತು. ಆ ನಾಲ್ಕು ದಿನ ಮನೆಯೊಳಗೆ ನನ್ನದಲ್ಲದ ಇನ್ನೊಬ್ಬರ ಸದ್ದೂ ಇತ್ತು...

ಅಂಕೋಲೆಯ ಬೊಬ್ರುವಾಡದ ನನ್ನ ಈ ಮನೆಗೆ ಆಗ ಟೈಲ್ಸ್ ಹಚ್ಚಲು ಬಂದವರು ಕಾರವಾರದ ಹತ್ತಿರದ ಹಣಕೋಣದ ಒಬ್ಬ ಮೇಸ್ತ್ರಿ. ಐವತ್ತು ದಾಟಿದ ಒಣಕಲು ಮೈ, ಕಿವಿಯ ಮೇಲೆ ಸಿಕ್ಕಿಸಿದ ಪೆನ್ಸಿಲ್ಲು. ಅಂಕೋಲೆಯಲ್ಲಿ ಕೆಲಸ ಸಿಕ್ಕಾಗ ಭಾವಿಕೇರಿಯಲ್ಲಿದ್ದ ತಮ್ಮ ತಂಗಿಯ ಮನೆಯಲ್ಲಿ ಉಳಿದು, ಅಲ್ಲಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಮನೆಮಾತು ಕೊಂಕಣಿ. ನನ್ನನ್ನು ಮರ್ಯಾದೆಗೆ ‘ಬಾಯೀ’ ಎಂದು ಕರೆಯುತ್ತಿದ್ದರು. ಕೇಳಿದ್ದಕ್ಕೆ ಉತ್ತರ, ಇಲ್ಲದಿದ್ದರೆ ಮೌನ. ನನಗೋ ಮೂಗಿನ ತುದಿಯಲ್ಲೇ ಸಿಟ್ಟು, ಈಗಲೂ.

ನಾನು ಮದುವೆಯಾಗಲಿಲ್ಲ. ಅಮ್ಮ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಜಗಲಿಯಲ್ಲಿ ದಿನವಿಡೀ ಹೊಲಿಗೆ, ಒಳಗೆ ಒಬ್ಬಳ ಅಡುಗೆ, ಒಬ್ಬಳ ಊಟ. ಕಾರವಾರದಲ್ಲಿದ್ದ ನನ್ನ ಒಬ್ಬಳೇ ತಂಗಿಗೂ ಗಂಡನಿಗೂ ಆ ವರ್ಷ ದೊಡ್ಡ ಜಗಳವಾಗಿ ಆತ ಮನೆ ಬಿಟ್ಟು ಹೋಗಿದ್ದ. ಒಂದು ದಿನ ಬಂದವಳು ನನ್ನ ತೊಡೆಯ ಮೇಲೆ ತಲೆಯಿಟ್ಟು ಅತ್ತು, “ಅಕ್ಕಾ, ನಾ ನಿನ್ ಹತ್ರವೇ ಬಂದ್ಬಿಡ್ತೆ. ನೀ ಹೊಲಿ, ನಾ ಅಡಿಗೆ ಮಾಡ್ತೆ. ಇಬ್ರೂ ಸೇರಿ ಒಂದು ಖಾನಾವಳಿ ಹಾಕ್ವ” ಎಂದಳು. ಅವಳ ಕೈಯ ಬಂಗಡೆ ಮೀನಿನ ಸಾರು, ನಮ್ಮ ಕಡೆಯ ಪಳದಿ, ಉಂಡವರು ಬೆರಳು ನೆಕ್ಕದೆ ಎದ್ದದ್ದಿಲ್ಲ. ಮರುವಾರವೇ ನಾನು ಅಡುಗೆಮನೆ ಕೆಲಸಕ್ಕೆ ಇಳಿದುಬಿಟ್ಟೆ. ಗೋಡೆಯ ಅರ್ಧಕ್ಕೆ ಈಗ ಟೈಲ್ಸ್ ಹಚ್ಚುವುದು, ಕಿಟಕಿಯಿಂದ ಆಚೆಯ ಅರ್ಧಕ್ಕೆ ತಂಗಿ ಬಂದ ಮೇಲೆ ಅವಳ ದೊಡ್ಡ ಒಲೆಗೆ ತಕ್ಕ ಹಾಗೆ ಕಟ್ಟೆ ಕಟ್ಟಿಸಿ ಹಚ್ಚುವುದು ಎಂದು ಲೆಕ್ಕ ಹಾಕಿದ್ದೆ.

ಅಂಚಿನ ವಿಷಯ ಮೊದಲ ದಿನವೇ ಬಂತು. ಟೈಲ್ಸ್ ಎಲ್ಲಿ ಮುಗಿಯುತ್ತದೋ ಅಲ್ಲಿ ಅದರ ಒಳಗಿನ ಕೆಂಪು ಮಣ್ಣು ಕಾಣುತ್ತದೆ, ದಪ್ಪ ಕಾಣುತ್ತದೆ. ಅದನ್ನು ಮುಚ್ಚಲು ಎಲ್ಲರೂ ಹಾಕಿಸುವ ಹೊಳೆಯುವ ಪಟ್ಟಿಯನ್ನು ನಾನೂ ಪೇಟೆಯಿಂದ ತಂದಿದ್ದೆ. ಮೇಸ್ತ್ರಿಗಳು ಅದನ್ನು ಬೆರಳಿನಿಂದ ಬಾಗಿಸಿ ನೋಡಿ ಪಕ್ಕಕ್ಕಿಟ್ಟರು.

“ಪಟ್ಟಿ ಬ್ಯಾಡ ಬಾಯೀ. ಸಮುದ್ರದ ಗಾಳಿ. ಎರಡು ಮಳೆಗಾಲ ಹೋಗೂದ್ರೊಳಗೆ ಎದ್ದು ಬತ್ತದೆ. ನಾ ಕೈಯಿಂದ್ಲೇ ಮುಚ್ತೆ.”

ಹೇಗೆ ಮುಚ್ಚುತ್ತಾರೆಂದು ನೋಡಲು ಹೊಲಿಗೆ ಬಿಟ್ಟು ಬಂದು ನಿಂತೆ. ಅದೇ ಟೈಲ್ಸಿನಿಂದ ಎರಡು ಬೆರಳಗಲದ ತುಂಡುಗಳನ್ನು ಕೊಯ್ದುಕೊಂಡರು. ಒಂದೊಂದರ ಉದ್ದನೆಯ ಅಂಚನ್ನೂ ನೀರು ಚಿಮುಕಿಸಿ ಸಾಣೆಕಲ್ಲಿಗೆ ಉಜ್ಜಿದರು. ಚೂಪು ಹೋಗಿ ಅದು ಉಗುರಿನ ತುದಿಯಷ್ಟು ಮೆತ್ತಗೆ ದುಂಡಗಾಯಿತು. ಆಮೇಲೆ ಬಿಳಿ ಸಿಮೆಂಟಿನ ತೆಳು ಪದರ ಸವರಿ, ಒದ್ದೆ ಬಟ್ಟೆಯಿಂದ ಒರೆಸಿ, ದುಂಡಗಿನ ಬದಿ ಹೊರಗೆ ಬರುವಂತೆ ಸಾಲಿನ ಕೊನೆಗೆ ಕೂರಿಸಿದರು. ಬೇಕಾದ್ದಕ್ಕಿಂತ ಒಂದು ತುಂಡು ಯಾವಾಗಲೂ ಹೆಚ್ಚೇ ಮಾಡುತ್ತಿದ್ದರು. “ಒಂದು ಜಾಸ್ತಿ ಇರ್ಲಿ, ಒಡೆದ್ರೆ ಎಂತ ಮಾಡೂದು?” ಎನ್ನುವರು.

ಅಂಚು ಮಡಚುವುದು ನನ್ನದೂ ಕೆಲಸವಲ್ಲವೇ? ಗಿರಾಕಿಗಳು ಮೇಲಿನ ಬಣ್ಣ ನೋಡುತ್ತಾರೆ, ಹೊಲಿಯುವವಳು ರವಿಕೆಯನ್ನು ಒಳಗಿಂದ ಹೊರಗೆ ತಿರುಗಿಸಿ ನೋಡುತ್ತಾಳೆ. ಈ ಮನುಷ್ಯ ನನ್ನ ಹಾಗೆ ಅಂಚು ನೋಡುವವರೇ ಎಂದು ನನಗೆ ಆ ಹೊತ್ತಿಗೆ ಅನಿಸಿತು. ಬಾಯಿ ಬಿಟ್ಟು ಹೇಳಲಿಲ್ಲ. ಹೊಗಳುವುದು ನನಗೆ ಬರುತ್ತಿರಲಿಲ್ಲ.

ಮೂರನೆಯ ದಿನ ತಂಗಿ ಬಂದು ನೋಡಿ ಹೋಗುತ್ತೇನೆ ಎಂದಿದ್ದಳು. ಬೆಳಿಗ್ಗೆಯೇ ಬಂಗಡೆ ತಂದು ಪಳದಿ ಮಾಡಿಟ್ಟಿದ್ದೆ. ಮಧ್ಯಾಹ್ನ ಅವಳ ಫೋನ್ ಬಂತು.

“ಈ ಸಲ ಆಗೂದಿಲ್ಲ ಅಕ್ಕಾ. ಅವ್ರು ಬಂದಾರೆ. ಮುಂದಿನ ತಿಂಗಳು ಬತ್ತೆ, ಹಾಂ?”

ಅವರು ಎಂದರೆ ಗಂಡ. ಅವಳ ದನಿಯಲ್ಲಿ ತುಂಬ ದಿನದ ಮೇಲೆ ಒಂದು ಹಗುರ ಕೇಳಿಸಿತು. ಒಡಹುಟ್ಟಿದವಳ ಸಂಸಾರ ಸರಿಹೋದರೆ ಅಕ್ಕನಾದವಳು ದೇವರಿಗೆ ದೀಪ ಹಚ್ಚಬೇಕು. ನಾನು ಬಾಯಲ್ಲಿ “ಒಳ್ಳೇದಾಯ್ತು” ಎಂದೆ, ಮನಸ್ಸಿನಲ್ಲಿ ಆತ ಬರಬಾರದಿತ್ತು ಎಂದುಕೊಂಡೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ತಂಗಿಗೆಂದು ಮಾಡಿದ್ದನ್ನು ಮೇಸ್ತ್ರಿಗಳಿಗೆ ಬಡಿಸಿದೆ. ಎಷ್ಟೋ ದಿನದ ಮೇಲೆ ನನ್ನ ಎದುರು ಇನ್ನೊಬ್ಬರು ಕೂತು ಉಂಡರು. ಫೋನಿನ ಮಾತು ಅವರ ಕಿವಿಗೂ ಬಿದ್ದಿತ್ತು. ಕೈ ತೊಳೆದು ಬಂದವರು ಮೆಲ್ಲಗೆ, “ನನ್ ತಂಗೀದೂ ಹೀಗೇ ಆಗಿತ್ತು ಬಾಯೀ. ಗಂಡ ಕರೆದ ಕೂಡ್ಲೇ ಹೊರಟ್ಲು. ನಮ್ಗೆ ಮನೆ ಖಾಲಿ, ಅವ್ಳಿಗೆ ಮನೆ ತುಂಬ್ತು...” ಎಂದರು.

“ನಮ್ಮನೆ ಸುದ್ದಿ ನಿಮ್ಗೆಂತಕೆ?” ಎಂದೆ. ಅವರು ಹೋಗಿ ಕೆಲಸಕ್ಕೆ ಕೂತರು.

ನಾಲ್ಕನೆಯ ದಿನ ಮಧ್ಯಾಹ್ನಕ್ಕೆ ಎಲ್ಲ ಮುಗಿದು ಕಿಟಕಿ ಬದಿಯ ಅಂಚೊಂದು ಉಳಿದಿತ್ತು. ಆರು ಟೈಲ್ಸಿನ ಎತ್ತರ.

“ಈ ಬದಿ ಮುಚ್ಚೂದಾ ಬಾಯೀ, ಹಾಗೇ ಬಿಡೂದಾ? ಮುಚ್ಚಿದ್ರೆ ಮುಂದೆ ಜೋಡಿಸುಕೆ ಬರೂದಿಲ್ಲ, ಒಡೀಬೇಕು. ಬಿಟ್ರೆ ಅಲ್ಲಿಂದ್ಲೇ ಮುಂದೆ ಹಚ್ಚುಕಾಗ್ತದೆ.”

ದುಂಡಗೆ ಮಾಡಿ ಮುಚ್ಚಿದ ಅಂಚು ಎಂದರೆ ಗೋಡೆಯ ಕೆಲಸ ಅಲ್ಲಿಗೆ ಮುಗಿಯಿತು ಎಂದರ್ಥ. ನಾನು ಅವರ ಮುಖ ನೋಡದೆ, “ಬಿಡಿ. ನನ್ ತಂಗಿ ಬಂದೇ ಬತ್ತಾಳೆ” ಎಂದೆ.

“ಅಡ್ಡಿಲ್ಲ” ಎಂದರು.

ಅಷ್ಟಕ್ಕೆ ಸಾಮಾನು ಕಟ್ಟಿ ಹೊರಡುತ್ತಾರೆ ಎಂದುಕೊಂಡರೆ, ಬಾವಿಕಟ್ಟೆಯ ಹತ್ತಿರ ಕೂತು ಮತ್ತೆ ಏನನ್ನೋ ಕಲ್ಲಿಗೆ ಉಜ್ಜತೊಡಗಿದರು. ಕರ ಕರ ಸದ್ದು ಜಗಲಿಯವರೆಗೂ ಬರುತ್ತಿತ್ತು. ತಂಗಿಯ ಮೇಲಿನ ಸಿಟ್ಟೆಲ್ಲ ಆ ಸದ್ದಿನ ಮೇಲೆ ಹೋಯಿತು.

“ಕೆಲ್ಸ ಮುಗೀತಲ್ಲ ಮೇಸ್ತ್ರೇ, ಇನ್ನೂ ಎಂತ ಉಜ್ಜೂದು? ಹೊತ್ತು ಕಳೀಲಿ ಹೇಳಿ ಕೂತ್ಕಂಡ್ರಾ?” ಎಂದು ಕೂಗಿದೆ.

“ಉಳಿದ ತುಂಡು ಬಾಯೀ. ಹಾಗೇ ಬಿಟ್ರೆ ಯಾರದ್ದಾದ್ರೂ ಕೈ ಕುಯ್ತದೆ” ಎಂದರು. ಒಂದು ಗಳಿಗೆ ಬಿಟ್ಟು ಕಟ್ಟಲು ಚಿಂದಿ ಬಟ್ಟೆ ಕೇಳಿದರು. ಯಾವುದೋ ನೀಲಿ ರವಿಕೆ ಕತ್ತರಿಸಿ ಉಳಿದ ಪಟ್ಟಿಯನ್ನು ಅವರ ಕಡೆ ಎಸೆದೆ. ಸ್ಟೂಲು ಹತ್ತಿ, ಉಳಿದ ಟೈಲ್ಸನ್ನೆಲ್ಲ ಮೂಟೆ ಮಾಡಿ ಅಟ್ಟದ ಮೇಲೆ ಇಟ್ಟರು. “ಆಚೆ ಅರ್ಧ ಮಾಡೂದಾದ್ರೂ ಸೈ, ಬಿಡೂದಾದ್ರೂ ಸೈ. ಒಂದು ಫೋನ್ ಮಾಡಿ, ನಾ ಬತ್ತೆ” ಎಂದು ಸೈಕಲ್ ಹತ್ತಿ ಹೋದರು. ಮೂರು ದಿನವೂ ಸಂಜೆ ಚಾ ಕೊಟ್ಟಿದ್ದೆ. ಆ ದಿನ ಮಾತ್ರ ಒಲೆ ಹೊತ್ತಿಸಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಕೊಡದೆ ಉಳಿದ ಚಾಕ್ಕೆ ಏನೆನ್ನುತ್ತಾರೋ ಗೊತ್ತಿಲ್ಲ.

ತಂಗಿ ಬರಲಿಲ್ಲ. ಮುಂದಿನ ತಿಂಗಳು ಎಂದಳು, ಚೌತಿ ಆದಮೇಲೆ ಎಂದಳು, ಆಮೇಲೆ ಆ ಮಾತನ್ನೇ ಬಿಟ್ಟಳು. ಗಂಡನ ಜೊತೆ ಗೋವಾಕ್ಕೆ ಹೋದಳು. ಈಗ ಅಲ್ಲೇ ಮೊಮ್ಮಗುವನ್ನು ಎತ್ತಿ ಆಡಿಸುತ್ತಾಳೆ. ಹಬ್ಬಕ್ಕೆ ಫೋನ್ ಮಾಡುತ್ತಾಳೆ. ಒಳ್ಳೆಯ ಹುಡುಗಿ, ನನಗೆ ಅವಳ ಮೇಲೆ ದೂರಿಲ್ಲ.

ಅಂಚು ಮಾತ್ರ ಹಾಗೇ ಉಳಿಯಿತು. ಒಗ್ಗರಣೆಯ ಎಣ್ಣೆ, ಅರಿಶಿನ ಎಲ್ಲ ಅದರ ಕೆಂಪು ಮಣ್ಣಿನೊಳಗೆ ಇಳಿದವು. ಗೋಡೆ ಒರೆಸುವಾಗ ಬಟ್ಟೆಯ ಎಳೆ ದಿನವೂ ಅಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಎಳೆ ಬಿಡಿಸುತ್ತ, ಫೋನ್ ಮಾಡಿ ಮೇಸ್ತ್ರಿಗಳನ್ನು ಕರೆಯಬೇಕು ಎಂದುಕೊಳ್ಳುತ್ತಿದ್ದೆ. ಕರೆದರೆ ‘ಮುಚ್ಚಿ’ ಎಂದು ಹೇಳಬೇಕಲ್ಲ... ಆ ಒಂದು ಮಾತು ಬಾಯಿಂದ ಹೊರಡದೆ ಹದಿನೇಳು ವರ್ಷ ಕಳೆಯಿತು.

ಮೊನ್ನೆ ಆ ವಾಸನೆ ಬಂದ ಮೇಲೆ ಎದ್ದು ಪಕ್ಕದ ಮನೆಗೆ ಹೋದೆ. ಅಲ್ಲಿಯ ಮೇಸ್ತ್ರಿಯೂ ಕಾರವಾರದ ಕಡೆಯವರೇ. ಹಣಕೋಣದವರು, ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸುತ್ತಿದ್ದವರು ಎಂದು ವಿಚಾರಿಸಿದೆ.

“ಅವ್ರಾ? ಅವ್ರು ತೀರಿಹೋಗಿ ಮೂರು ವರ್ಷ ಆಯ್ತಲ್ರಾ. ಕೊನೇಕೊನೆಗೆ ಒಬ್ರೇ ಇರ್ತಿದ್ರು.”

ಒಬ್ಬರೇ ಇದ್ದರು ಎನ್ನುವುದು ನನಗೆ ಗೊತ್ತೇ ಇರಲಿಲ್ಲ. ನಾಲ್ಕು ದಿನದಲ್ಲಿ ನಾನು ಅವರ ಮನೆಯ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. ನನ್ನ ಮನೆಯಲ್ಲೂ ಒಂದು ಅಂಚು ಮುಚ್ಚಿ ಕೊಡುತ್ತೀರಾ ಎಂದು ಕೇಳಿದೆ. ಬಂದು ನೋಡಿ, “ಈ ಟೈಲ್ಸ್ ಈಗ ಎಲ್ಲೂ ಸಿಗೂದಿಲ್ಲ. ಹಳೇದು ಉಳಿದದೆಯಾ?” ಎಂದರು.

ಅವರೇ ಅಟ್ಟ ಹತ್ತಿ ಮೂಟೆ ಇಳಿಸಿದರು. ಮೇಲೆ ಆಚೆ ಅರ್ಧಕ್ಕೆಂದು ಉಳಿಸಿದ್ದ ಇಡೀ ಟೈಲ್ಸ್. ಅದರಡಿಗೆ ಪೇಪರಿನಲ್ಲಿ ಸುತ್ತಿ, ನೀಲಿ ರವಿಕೆಯ ಪಟ್ಟಿಯಿಂದ ಕಟ್ಟಿದ ಒಂದು ಪೊಟ್ಟಣ. ಪೇಪರಿನ ಮೇಲೆ ಪೆನ್ಸಿಲ್ಲಿನ ಅಕ್ಷರ: ಕಿಟಕಿ ಬದಿ. ಬಿಚ್ಚಿದರೆ ಎರಡು ಬೆರಳಗಲದ ತುಂಡುಗಳು, ಒಂದೊಂದರ ಅಂಚೂ ದುಂಡಗೆ. ಎಣಿಸಿದೆ. ಏಳು ಇದ್ದವು.

ಆ ದಿನ ಬಾವಿಕಟ್ಟೆಯ ಹತ್ತಿರ ಕೂತು ಹಣಕೋಣದ ಮೇಸ್ತ್ರಿಗಳು ಉಜ್ಜುತ್ತಿದ್ದದ್ದು ಇದನ್ನು. ತಂಗಿ ಬರುತ್ತಾಳೆ ಎಂದ ನನ್ನ ಮಾತನ್ನು ತಳ್ಳಿಹಾಕದೆ ಅಂಚನ್ನು ಬಿಟ್ಟರು, ಬರದಿದ್ದರೆ ಬೇಕಾಗುವುದನ್ನೂ ಮಾಡಿಟ್ಟರು. ಅದಕ್ಕೆ ನಾನು ಹೊತ್ತು ಕಳೆಯುತ್ತೀರಾ ಎಂದಿದ್ದೆ. ಎದುರಿಗೆ ನಿಂತ ಅಪರಿಚಿತರ ಮುಂದೆ ಸೆರಗು ಬಾಯಿಗಿಟ್ಟುಕೊಂಡು ಅತ್ತುಬಿಟ್ಟೆ.

“ಮುಚ್ಚೂದಾ ಬಾಯೀ?” ಎಂದರು ಅವರೂ.

“ಮುಚ್ಚಿ” ಎಂದೆ.

ಸಂಜೆ ತಂಗಿಗೆ ಫೋನ್ ಮಾಡಿ, “ಅಡಿಗೆಮನೆ ಗೋಡೆ ಕೆಲ್ಸ ಮುಗೀತು ಕಾಣೆ” ಎಂದೆ. “ಯಾವ ಗೋಡೆ ಅಕ್ಕಾ?” ಎಂದಳು. ಏನಿಲ್ಲ ಎಂದು ಮೊಮ್ಮಗುವಿನ ಸುದ್ದಿ ಕೇಳಿದೆ.

ಈಗ ಒರೆಸುವಾಗ ಬಟ್ಟೆ ಎಲ್ಲೂ ಸಿಕ್ಕುವುದಿಲ್ಲ, ಕೈ ಒಂದೇ ಸಲಕ್ಕೆ ಗೋಡೆ ದಾಟಿ ಹೋಗುತ್ತದೆ. ಆರು ತುಂಡು ಸಾಕಾಯಿತು, ಯಾವುದೂ ಒಡೆಯಲಿಲ್ಲ. ಏಳನೆಯದು ನನ್ನ ಹೊಲಿಗೆ ಮಶಿನ್ನಿನ ಮೇಲಿದೆ. ಗಾಳಿಗೆ ಬಟ್ಟೆ ಹಾರದಂತೆ ಇಡುತ್ತೇನೆ. ಇವತ್ತು ಮಧ್ಯಾಹ್ನ ಚಾ ಮಾಡಿ ಕೂತವಳು ಅದರ ಅಂಚಿನ ಮೇಲೆ ಬೆರಳಾಡಿಸುತ್ತ ಎಷ್ಟು ಹೊತ್ತು ಕೂತೆನೋ, ನೋಡಿದರೆ ಚಾ ಆರಿಹೋಗಿತ್ತು. ಕುಡಿಯಲು ಮನಸ್ಸಾಗಲಿಲ್ಲ.