ಬೈಟು ಕಾಫಿಯ ಬಾಬ್ತು

ಹನುಮಂತನಗರದ ಗಿರಿಜಾದೇವಿಯವರ ಮನೆಯ ಮೂಲೆಯಲ್ಲೇ ಸೊಪ್ಪಿನ ಅಂಗಡಿ ಇದೆ. ಆದರೆ ಅಲ್ಲಿ ಕೊತ್ತಂಬರಿ ಕಟ್ಟಿಗೆ ಇಪ್ಪತ್ತು ರೂಪಾಯಿ. ಬನಶಂಕರಿ ಮಾರ್ಕೆಟ್ಟಿನಲ್ಲಿ ಹದಿನೈದು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಆ ಐದು ರೂಪಾಯಿಯನ್ನು ಬಿಟ್ಟುಕೊಡುವುದು ಅವರ ಪ್ರಕಾರ ಶುದ್ಧ ಅಪರಾಧ. ಹಾಗಾಗಿ ವಾರಕ್ಕೆ ಮೂರು ದಿನ ತಿಂಡಿಯ ಪಾತ್ರೆ ತೊಳೆದಿಟ್ಟು, ಆಧಾರ್ ಕಾರ್ಡನ್ನು ಪರ್ಸಿಗೆ ಸೇರಿಸಿ, ಬಟ್ಟೆ ಬ್ಯಾಗು ಹಿಡಿದು ಹೊರಟುಬಿಡುತ್ತಿದ್ದರು. ಅರವತ್ತೆರಡರ ಈ ಹೆಂಗಸು ಕಿಟಕಿ ಪಕ್ಕದ ಸೀಟು ಹಿಡಿಯುವ ವೇಗಕ್ಕೆ ಕಾಲೇಜು ಹುಡುಗಿಯರೂ ದಾರಿ ಬಿಡಬೇಕು.

ಬನಶಂಕರಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಗೆಳತಿ ಮುನಿವೆಂಕಟಮ್ಮ. ಜೆ.ಪಿ. ನಗರ ರಾಗಿ ಹೊಲವಾಗಿದ್ದ ಕಾಲದಿಂದ ಅಲ್ಲಿಯವರು. ಈಗ ಆ ಹೊಲದ ಮೇಲೆ ಅವರು ಬಾಡಿಗೆಗೆ ಕೊಟ್ಟ ಆರು ಮನೆಗಳಿವೆ. ಆದರೂ ನಿಂಬೆಹಣ್ಣಿಗೆ ಎರಡು ರೂಪಾಯಿ ಇಳಿಸದೆ ಜಾಗ ಬಿಟ್ಟವರಲ್ಲ. ಚೌಕಾಸಿ ಮುಗಿಸಿ ಇಬ್ಬರೂ ಎದುರಿನ ದರ್ಶಿನಿಯಲ್ಲಿ ಒಂದು ಕಾಫಿಯನ್ನು ಬೈಟು ಮಾಡಿಸಿ, ಎರಡು ಲೋಟ ಹಿಡಿದು, ಗಂಡಂದಿರ ಗೊರಕೆಯಿಂದ ಹಿಡಿದು ಮೆಟ್ರೊ ತನಕ ಮುಕ್ಕಾಲು ಗಂಟೆ ಮಾತಾಡುತ್ತಿದ್ದರು.

ಮೊಮ್ಮಗಳ ಶಾಲೆಯ ಫೀಸು ಏರಿದ ತಿಂಗಳು, ಒಂದು ಭಾನುವಾರ, ಮನೆಯಲ್ಲಿ ಖರ್ಚು ಕಡಿತದ ಸಭೆ ಸೇರಿತು. ಮಗ ಶರಣ್ ತಿಂಗಳಿಗೊಮ್ಮೆಯ ಸಿನಿಮಾ ಬಿಟ್ಟ. ಗಂಡ ಶಂಭುಲಿಂಗಪ್ಪ ಎರಡು ಪೇಪರಿನಲ್ಲಿ ಒಂದನ್ನು ಬಿಟ್ಟರು. ಸೊಸೆ ಲಿಖಿತಾ ಫೋನು ತೋರಿಸಿ ಪ್ರೀತಿಯಿಂದಲೇ ಹೇಳಿದಳು:

"ಅತ್ತೆ, ಈ ಆ್ಯಪಲ್ಲಿ ತರಕಾರಿ ತಗೊಂಡ್ರೆ ಕೊತ್ತಂಬರಿ ಫ್ರೀ. ಹತ್ತೇ ನಿಮಿಷಕ್ಕೆ ಬಾಗ್ಲಿಗೆ ಬರತ್ತೆ. ನೀವ್ಯಾಕೆ ಆ ರಶ್ಶಲ್ಲಿ ಒದ್ದಾಡ್ತೀರಾ?"

"ಮಂಡಿ ನೋವು ಬೇರೆ," ಎಂದ ಶರಣ್.

ಶಂಭುಲಿಂಗಪ್ಪ ಕನ್ನಡಕ ಏರಿಸಿದರು. "ಐದು ರೂಪಾಯಿ ಉಳಿಸೋಕೆ ಹೋಗಿ ಅರ್ಧ ಕಾಫಿಗೆ ಹನ್ನೆರಡು ರೂಪಾಯಿ ಕೊಟ್ಟು ಬರ್ತಾಳೆ. ಲೆಕ್ಕ ಹಾಕಿದ್ರೆ ಏಳು ರೂಪಾಯಿ ಲಾಸು!"

ಇಷ್ಟು ದಿನ 'ಉಳಿತಾಯಕ್ಕೆ ಹೋಗ್ತೀನಿ' ಎಂದು ಜಂಬ ಕೊಚ್ಚಿಕೊಂಡ ಗಿರಿಜಾದೇವಿ ಈಗ ಯಾವ ಮುಖ ಇಟ್ಟುಕೊಂಡು 'ನಾನು ಹೋಗಲೇಬೇಕು' ಎನ್ನುವುದು? ಬಸ್ಸು ಹೋಯಿತು, ಕಿಟಕಿ ಹೋಯಿತು, ಮುನಿವೆಂಕಟಮ್ಮನ ಜೊತೆಗಿನ ಆ ಮುಕ್ಕಾಲು ಗಂಟೆಯೂ ಹೋಯಿತು. ಅವರಿಗೆ ಅಳುವೇ ಬಂತು. "ಆಯ್ತಪ್ಪ, ಹಾಗೇ ಮಾಡಿ," ಎಂದು ಅಡುಗೆಮನೆಗೆ ಹೋದರು.

ಆದರೆ ಉಳಿಸಿ ಅಭ್ಯಾಸವಾದ ಕೈ ಸುಮ್ಮನಿರುತ್ತದೆಯೇ? ಮಾರ್ಕೆಟ್ಟಿನಲ್ಲಿ ತೀರುತ್ತಿದ್ದ ಚೌಕಾಸಿ ಈಗ ಮನೆಯವರ ಮೇಲೆ ತಿರುಗಿತು. ಸೋಮವಾರ ಗೀಸರಿಗೆ ಐದು ನಿಮಿಷದ ಗಡುವು ಬಿತ್ತು. ಶರಣ್ ತಲೆಗೆ ಶಾಂಪೂ ಹಚ್ಚಿಕೊಂಡಿದ್ದಾಗಲೇ ನೀರು ತಣ್ಣಗಾಯಿತು. ಮಂಗಳವಾರ ಮುಗಿದುಹೋದ ಟೂತ್‌ಪೇಸ್ಟಿನ ಟ್ಯೂಬನ್ನು ಕತ್ತರಿಯಿಂದ ಸೀಳಿ ಲಿಖಿತಾಳ ಕೈಗಿಟ್ಟು, "ಇನ್ನೂ ಒಂದು ವಾರಕ್ಕಾಗತ್ತಮ್ಮ," ಎಂದರು. ಬುಧವಾರ ಕ್ರಿಕೆಟ್ಟಿನ ಕೊನೆಯ ಓವರಿನಲ್ಲಿ ಟಿವಿ ಆರಿತು. "ಯಾರು ಗೆದ್ರು ಅಂತ ನಾಳೆ ಪೇಪರಲ್ಲಿ ಬರತ್ತಲ್ರೀ. ಒಂದು ಪೇಪರ್ ಇನ್ನೂ ಬರ್ತಿದ್ಯಲ್ಲ!" ಗುರುವಾರದ ಸಾರು ಎಷ್ಟು ತಿಳಿಯಾಗಿತ್ತೆಂದರೆ ತಟ್ಟೆಯ ತಳದ ಚಿತ್ರದ ಹೂಗಳನ್ನು ಮೊಮ್ಮಗಳು ಎಣಿಸಿ ಹೇಳಿದಳು.

ಶುಕ್ರವಾರ ಬೆಳಿಗ್ಗೆ ಶಂಭುಲಿಂಗಪ್ಪನವರೇ ಬಟ್ಟೆ ಬ್ಯಾಗು ತಂದು ಹೆಂಡತಿಯ ಮುಂದಿಟ್ಟರು. "ಗಿರಿಜಾ, ನಿನ್ ದಮ್ಮಯ್ಯ, ಮಾರ್ಕೆಟ್ಟಿಗೆ ಹೋಗ್ಬಾ. ಸೊಪ್ಪು ಅಲ್ಲೇ ಚೀಪು ಕಣೇ."

ಬ್ಯಾಗು ಹಿಡಿದು ಹೊರಟುಬಿಡಬಹುದಿತ್ತು. ಆದರೆ ಗಿರಿಜಾದೇವಿಯವರಿಗೆ ಆ ನೆಪ ಹೇಳಿ ಹೇಳಿ ಸಾಕಾಗಿತ್ತು.

"ಚೀಪು ಅಂತ ಅಲ್ಲ ರೀ. ನಂಗೆ ಹೋಗೋದು ಇಷ್ಟ, ಅಷ್ಟೇ. ಬಸ್ಸಲ್ಲಿ ಕೂತ್ರೆ ಅಷ್ಟು ಹೊತ್ತು ಯಾರೂ ನನ್ನ 'ಅದೆಲ್ಲಿ, ಇದೆಲ್ಲಿ' ಅಂತ ಕೇಳಲ್ಲ."

ಹೇಳಿದವರೇ ಖರ್ಚಿನ ಪುಸ್ತಕ ತೆರೆದರು. ಮೂವತ್ತೆಂಟು ವರ್ಷಗಳಿಂದ ಅದನ್ನು ಬರೆಯುತ್ತಿದ್ದವರು ಅವರೇ. ಹಾಲು, ಗ್ಯಾಸು, ಪೇಪರು, ಯಜಮಾನರ ಬಿ.ಪಿ. ಮಾತ್ರೆ, ಎಲ್ಲಕ್ಕೂ ಅದರಲ್ಲಿ ಒಂದೊಂದು ಸಾಲಿತ್ತು. ಬರೆಯುವವರ ಹೆಸರಿಗೆ ಮಾತ್ರ ಇರಲಿಲ್ಲ. ಅಂದು ಮೊದಲ ಸಲ ಬರೆದರು: 'ಗಿರಿಜಾ, ಬೈಟು ಕಾಫಿ, ತಿಂಗಳಿಗೆ ನೂರೈವತ್ತು.'

ಶಂಭುಲಿಂಗಪ್ಪ ಬಗ್ಗಿ ಆ ಸಾಲನ್ನು ಓದಿದರು. ಆಮೇಲೆ ಪೆನ್ನು ಕಸಿದುಕೊಂಡು ಅದನ್ನು ಮುನ್ನೂರು ಮಾಡಿದರು. "ಬೈಟು ಯಾಕೆ? ಫುಲ್ಲೇ ಕುಡಿ."

"ಅಯ್ಯೋ, ನಿಮಗೆಲ್ಲಿ ಅರ್ಥ ಆಗ್ಬೇಕು! ಅರ್ಧ ಮುನಿವೆಂಕಟಮ್ಮಂದು," ಎಂದ ಗಿರಿಜಾದೇವಿ ಮುನ್ನೂರನ್ನು ಹೊಡೆದುಹಾಕಿ, ಮತ್ತೆ ನೂರೈವತ್ತು ಬರೆದು, ಒಂಬತ್ತೂಕಾಲರ ಬಸ್ಸಿಗೆ ಓಡಿದರು.