ನೀಲಾಳ ಉಪವಾಸಗಳು

ಮೊದಲು ಅವಳ ಬಾಯಿ ಬೆಳ್ಳಗಾಯಿತು. ನಾಲಗೆ, ಒಸಡು, ಗಂಟಲು, ಎಲ್ಲ. ದೀಪಾವಳಿಗೆಂದು ಗಂಡನ ಊರು ಗುಂಜಿಯಿಂದ ಬೆಳಗಾವಿಯ ಖಾಸಬಾಗದ ನಮ್ಮ ಮನೆಗೆ ಬಂದಿದ್ದ ತಂಗಿ ನೀಲಾ ಒಂದು ತುತ್ತೂ ನುಂಗಲಾರದೆ ತಾಟು ಸರಿಸಿದಳು. ಅವಳ ಉಪವಾಸಗಳು ನಮ್ಮ ಬಳಗದಲ್ಲೆಲ್ಲ ಹೆಸರಾಗಿದ್ದವು. ನಾನು ಚೇಷ್ಟೆ ಮಾಡಿದೆ.

"ಹಬ್ಬದ ದಿನಾನೂ ಉಪವಾಸ ಏನವಾ? ನೀ ಒಬ್ಬಾಕಿನ ಕೈಲಾಸಕ್ಕ ಹೋಗಾಕಿ?"

ಅವಳಿಗೆ ಎಚ್‌ಐವಿ ಇರುವುದು ನನಗೆ ನಾಲ್ಕು ವರ್ಷದಿಂದ ಗೊತ್ತಿತ್ತು. ಗೋವಾದಲ್ಲಿ ಗೌಂಡಿ ಕೆಲಸಕ್ಕಿದ್ದ ಗಂಡ ಬೇನೆ ತಂದ, ಅವಳಿಗೆ ಕೊಟ್ಟ, ಸತ್ತುಹೋದ. ಮದುವೆಯಲ್ಲಿ ಅವನ ಕಡೆಯವರು ವರದಕ್ಷಿಣೆ ಕೇಳಿರಲಿಲ್ಲ. ಬಡವರಾದ ನಾವು ಅದನ್ನೇ ದೊಡ್ಡ ಗುಣವೆಂದು ತಿಳಿದೆವು. ಹುಡುಗನ ಆರೋಗ್ಯ ಹೇಗಿದೆ ಎಂದು ನಾವೂ ಕೇಳಲಿಲ್ಲ. ಹೆಣ್ಣು ಕೊಡುವವರು ಹಾಗೆಲ್ಲ ಕೇಳುವುದುಂಟೇ!

ಆದರೆ ಗುಳಿಗೆ ನುಂಗುತ್ತಿದ್ದಳಲ್ಲ? ತಿಂಗಳಿಗೊಮ್ಮೆ ಬೆಳಗಾವಿಯ ಆಸ್ಪತ್ರೆಗೆ ಬಂದು ಏಆರ್‌ಟಿ ಗುಳಿಗೆ ಒಯ್ಯುತ್ತಿದ್ದಳು. ಬಸ್ಸು ಹೆಂಗಸರಿಗೆ ಫ್ರೀ. ಮತ್ತೆ ಯಾಕೆ ಹೀಗಾಯಿತು?

ಬಾಯಿ ತೆರೆಸಿ ನೋಡಿದವಳೇ ಅದೇ ಆಸ್ಪತ್ರೆಗೆ ಕರೆದೊಯ್ದೆ. ರಕ್ತ ತೆಗೆದರು. ರಕ್ತದಲ್ಲಿ ವೈರಸ್ಸಿನ ಲೆಕ್ಕ, ವೈರಲ್ ಲೋಡ್, ಬಹಳ ಏರಿತ್ತು. ರೋಗ ತಡೆಯುವ ಸಿಡಿ4 ಕಣಗಳ ಲೆಕ್ಕ ನೆಲ ಕಚ್ಚಿತ್ತು.

ನಡುನಡುವೆ ಬಿಟ್ಟರೆ ರೋಗ ಗುಳಿಗೆಗೆ ಬಗ್ಗುವುದಿಲ್ಲ, ಈ ಗುಳಿಗೆ ಇನ್ನು ಕೆಲಸ ಮಾಡುವುದಿಲ್ಲ ಅಂದರು ಡಾಕ್ಟರು.

ಕೌನ್ಸೆಲರ್ ಒಬ್ಬ ಹೆಣ್ಣುಮಗಳು. ನಮ್ಮಿಬ್ಬರನ್ನೂ ಕೂರಿಸಿಕೊಂಡು ನೀಲಾಳನ್ನು ಮೆಲ್ಲಗೆ ಕೇಳಿದಳು. "ನಡುವ ಗುಳಿಗಿ ಬಿಟ್ಟೀರೇನ್ರೀ?"

"ಇಲ್ರೀ. ಉಪವಾಸ ಇದ್ದಾಗ ಅಷ್ಟ ಬಿಡ್ತೇನ್ರಿ. ಊಟ ಆದ ಮ್ಯಾಲೆ ತಗೋ ಅಂದಿದ್ರಲ್ರೀ."

"ಯಾವ್ಯಾವ ದಿನ ಉಪವಾಸ?"

"ಸೋಮವಾರರೀ. ಶುಕ್ರವಾರರೀ. ಅಮಾಸಿ..." ನೀಲಾ ತಡೆದಳು. "ಒಮ್ಮೊಮ್ಮಿ ಬುಧವಾರನೂ."

"ಬುಧವಾರ ಯಾವ ದೇವರದ?" ಈ ಸಲ ನಾನೇ ಕೇಳಿದೆ.

ಅವಳು ನನ್ನ ಕಡೆ ನೋಡಲಿಲ್ಲ. "ಎಲ್ಲಾರ್ದೂ ಊಟ ಆದ ಮ್ಯಾಲೆ ಬುಟ್ಟ್ಯಾಗ ರೊಟ್ಟಿ ಉಳಿಯಂಗಿಲ್ಲಕ್ಕ. ನನಗಿಲ್ಲ ಅಂತ ಹೆಂಗ ಹೇಳ್ಲಿ? ಉಪವಾಸ ಅಂದ್ರ ಯಾರೂ ಏನೂ ಅನ್ನಂಗಿಲ್ಲ."

ಆ ಅತ್ತೆಮನೆಗೆಲ್ಲ ರೊಟ್ಟಿ ಬಡಿಯುವವಳು ಅವಳೇ. ಅವಳು ಬಡಿದ ರೊಟ್ಟಿ ನಡೆಯುತ್ತದೆ, ಅವಳ ತಾಟು ಮಾತ್ರ ಬೇರೆ.

ಊಟ ಆದ ಮೇಲೆ ಎಂದು ಹೇಳಿದ್ದು ಹೊತ್ತು ನೆನಪಿರಲಿ ಎಂದಷ್ಟೇ, ಅಂದಳು ಕೌನ್ಸೆಲರ್. ಖಾಲಿ ಹೊಟ್ಟೆಯಲ್ಲಿ ನುಂಗಿದ್ದರೂ ಆ ಗುಳಿಗೆ ನಡೆಯುತ್ತಿತ್ತಂತೆ. ನಾನು ಹೊರಗೆ ಹೋಗಿ ಅತ್ತುಬಿಟ್ಟೆ. ಅವಳ ಅತ್ತೆಮನೆಯವರ ಮೇಲೆ ಬಂದಷ್ಟೇ ಸಿಟ್ಟು ನನ್ನ ಮೇಲೂ ಬಂತು. ನೀಲಾಳ ಭಕ್ತಿಯನ್ನು ಓಣಿಗೆಲ್ಲ ಹೇಳಿ ಹೊಗಳಿದವಳು ನಾನೇ.

ಮೊದಲಿನವು ನಾಟದವರಿಗೆ ಕೊಡುವ ಸೆಕೆಂಡ್ ಲೈನ್ ಗುಳಿಗೆ ಶುರುವಾದವು. ಇವನ್ನು ಮಾತ್ರ ಊಟದ ಜೊತೆಗೇ ತಗೊಳ್ಳಬೇಕು ಎಂದು ಡಾಕ್ಟರು ಎರಡೆರಡು ಸಲ ಹೇಳಿದರು.

ಅವಳ ಮಗಳು ಶಾಲೆಗೆಂದು ಗುಂಜಿಯಲ್ಲೇ ಉಳಿದಳು, ನೀಲಾಳನ್ನು ಎರಡು ತಿಂಗಳು ನಮ್ಮಲ್ಲೇ ಇಟ್ಟುಕೊಂಡೆ. ನಮ್ಮದು ಒಂದೇ ಕೋಣೆ. ಹೊತ್ತುಹೊತ್ತಿಗೆ ಬಡಿಸಿ, ಎದುರಿಗೇ ಕೂತು ಉಣ್ಣಿಸಿದೆ. ಬಾಯಿಯ ಬಿಳುಪು ಹೋಯಿತು, ಕೆನ್ನೆ ಸ್ವಲ್ಪ ತುಂಬಿತು, ಒಂದು ದಿನ ನಕ್ಕಳು ಕೂಡ. ನನ್ನ ಗಂಡ ಕೆಟ್ಟವನಲ್ಲ. ಆದರೂ ಒಂದು ಬೆಳಿಗ್ಗೆ ಕೇಳಿಯೇಬಿಟ್ಟ, "ಇನ್ನ ಎಷ್ಟ ದಿನ?" ಸೀರೆಗೆ ಫಾಲ್ ಹಚ್ಚಿ ನಾಲ್ಕು ಕಾಸು ಕಾಣುವ ನನಗೆ ಎದುರಾಡಲು ಬಾಯಿ ಎಲ್ಲಿಂದ ಬರಬೇಕು?

ನೀಲಾ ಅದನ್ನು ಕೇಳಿಸಿಕೊಂಡಿದ್ದಳು. "ಮಗಳ ಸಾಲಿ ಐತಕ್ಕ, ಹೋಗ್ತೇನಿ" ಅಂದಳು. ಬೇಡ ಅನ್ನಬೇಕಿತ್ತು. ಅನ್ನಲಿಲ್ಲ.

ಬದುಕಿದ್ದಾಳೆ. ಅಷ್ಟಕ್ಕಾದರೂ ಕೈಮುಗಿಯುತ್ತೇನೆ. ದಿನಾ ಅವರ ಊಟದ ಹೊತ್ತು ನೋಡಿ ಫೋನ್ ಮಾಡುತ್ತೇನೆ.

"ಗುಳಿಗಿ ತಗೊಂಡಿಯೇನ?"

"ತಗೊಂಡೀನಿ."

"ಉಂಡಿಯೇನ?"

"ಗುಳಿಗಿ ತಗೊಂಡೀನಿ ಅಂದ್ನೆಲ್ಲಕ್ಕ."